ಬೋಯರರು ಮತ್ತು ಬ್ರಿಟಿಷರು: ನೂರು ವರ್ಷದ ಜಗಳ

1899ರ ಅಕ್ಟೋಬರ್ 9ರಂದು ದಕ್ಷಿಣ ಆಫ್ರಿಕದ ಪ್ರಿಟೋರಿಯಾ ನಗರದಲ್ಲಿ ಬೋಯರರ ಟ್ರಾನ್ಸ್‌ವಾಲ್ ಗಣರಾಜ್ಯದ ಸರ್ಕಾರ ಅಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಕೈಗೆ ಒಂದು ಪತ್ರ ಕೊಟ್ಟಿತು. ನಮ್ಮ ಗಡಿಯಲ್ಲಿ ಜಮಾಯಿಸಿರುವ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಳ್ಳಿ, ಹಡಗಿನಲ್ಲಿ ಬರುತ್ತಿರುವ ದಂಡನ್ನು ಇಲ್ಲಿ ಇಳಿಸಬೇಡಿ, ನಲವತ್ತೆಂಟು ಗಂಟೆಯೊಳಗೆ ಒಪ್ಪದಿದ್ದರೆ ಅದನ್ನು ಯುದ್ಧ ಘೋಷಣೆಯೆಂದೇ ತಿಳಿಯುತ್ತೇವೆ ಎಂಬುದು ಅದರ ಸಾರ. ಗಡುವು ಮುಗಿದದ್ದು 11ರ ಸಂಜೆ ಐದು ಗಂಟೆಗೆ. ಬ್ರಿಟನ್ ಒಪ್ಪಲಿಲ್ಲ. ಎರಡೂ ಮುಕ್ಕಾಲು ವರ್ಷ ನಡೆದ ಯುದ್ಧ ಅಲ್ಲಿಂದ ಶುರುವಾಯಿತು.

ದನ ಕುರಿ ಸಾಕಿಕೊಂಡು, ಜೋಳ ಬೆಳೆದುಕೊಂಡು ಬದುಕುತ್ತಿದ್ದ ರೈತರ ಒಂದು ಪುಟ್ಟ ರಾಜ್ಯ, ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯಕ್ಕೆ ಗಡುವು ಕೊಡುವಷ್ಟು ದೂರ ಹೋದದ್ದೇಕೆ? ಚಿನ್ನಕ್ಕಾಗಿ ಎಂದು ಶಾಲೆಯಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ಚಿನ್ನ ಸಿಕ್ಕಿದ್ದು 1886ರಲ್ಲಿ. ಜಗಳ ಹುಟ್ಟಿದ್ದು ಅದಕ್ಕಿಂತ ಎಂಬತ್ತು ವರ್ಷ ಹಿಂದೆ. ಆದ್ದರಿಂದ ಇಂದಿನ ಭಾಷಣದಲ್ಲಿ ಯುದ್ಧದ ವರ್ಣನೆಗಿಂತ ಅದರ ಬೇರುಗಳನ್ನು ಹುಡುಕುವುದೇ ನನ್ನ ಉದ್ದೇಶ.

ಮೊದಲು ಬೋಯರರು ಯಾರು ಎಂಬುದನ್ನು ನೋಡೋಣ. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ವಾನ್ ರೀಬೆಕ್ ಎಂಬಾತ ಗುಡ್‌ಹೋಪ್ ಭೂಶಿರದ (ಕೇಪ್) ಬಳಿ ಬಂದಿಳಿದ. ಪೂರ್ವ ದೇಶಗಳಿಗೆ ಹೋಗಿಬರುವ ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸುವ ಒಂದು ತಂಗುದಾಣ ಕಟ್ಟುವುದಷ್ಟೇ ಕಂಪನಿಯ ಲೆಕ್ಕಾಚಾರ. ಕೆಲವೇ ವರ್ಷಗಳಲ್ಲಿ ಕಂಪನಿಯ ನೌಕರರು ಜಮೀನು ಪಡೆದು ಬೇಸಾಯಕ್ಕಿಳಿದರು. ಅವರ ಜೊತೆಗೆ ಜರ್ಮನರು, ಧರ್ಮದ ಕಾರಣಕ್ಕೆ ದೇಶ ಬಿಟ್ಟುಬಂದ ಫ್ರೆಂಚ್ ಪ್ರಾಟೆಸ್ಟಂಟರು ಸೇರಿಕೊಂಡರು. ಈ ಬೆರಕೆಯಿಂದ ಹುಟ್ಟಿದ ರೈತಜನಾಂಗವೇ ಬೋಯರರು. ಅವರು ಹುಲ್ಲುಗಾವಲು ಹುಡುಕುತ್ತ ಒಳನಾಡಿಗೆ ಸರಿದಂತೆ ಅಲ್ಲಿನ ಮೂಲನಿವಾಸಿಗಳಾದ ಖೊಯ್‌ಖೊಯ್ ಜನ ತಮ್ಮ ನೆಲ, ದನ ಎರಡನ್ನೂ ಕಳೆದುಕೊಂಡು ಆ ರೈತರ ಮನೆಯಲ್ಲೇ ಆಳುಗಳಾದರು. ಸಾಲದ್ದಕ್ಕೆ ಹೊರಗಿನಿಂದ ಗುಲಾಮರನ್ನು ತರಿಸಿದರು. ಇಂಡೋನೇಷ್ಯ, ಮಡಗಾಸ್ಕರ್, ಮೊಜಾಂಬಿಕ್‌ಗಳಿಂದಷ್ಟೇ ಅಲ್ಲದೆ ನಮ್ಮ ಬಂಗಾಳ, ಮಲಬಾರ್, ಕೋರಮಂಡಲ ಕರಾವಳಿಗಳಿಂದಲೂ ಜನರನ್ನು ಕೇಪ್‌ಗೆ ಸಾಗಿಸಿ ಮಾರಿದರು.

ಬ್ರಿಟಿಷರು ಇಲ್ಲಿ ಕಾಲಿಟ್ಟದ್ದು 1795ರಲ್ಲಿ. ಕಾರಣ, ಭಾರತ. ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಭಾರತಕ್ಕೆ ಹೋಗುವ ಸಮುದ್ರದಾರಿಯ ಈ ಕಟ್ಟೆ ಶತ್ರುವಿನ ಕೈಗೆ ಬೀಳಬಾರದೆಂಬುದು ಅವರ ಚಿಂತೆ. ಒಮ್ಮೆ ಹಿಂದಿರುಗಿಸಿದರೂ 1806ರಲ್ಲಿ ಮತ್ತೆ ಹಿಡಿದರು. 1814ರಲ್ಲಿ ಕೇಪ್ ಅಧಿಕೃತವಾಗಿ ಅವರದಾಯಿತು. ಹೊಸ ಸರ್ಕಾರಕ್ಕೆ ಬೇಕಾಗಿದ್ದುದು ಬಂದರು. ಆದರೆ ಬಂದರಿನ ಬೆನ್ನಿಗಂಟಿಕೊಂಡು ಒಂದು ವಿಶಾಲ ಒಳನಾಡೂ ಬಂತು. ಕಂಪನಿಯ ಕಾಲದಿಂದಲೂ ಯಾರ ಮಾತನ್ನೂ ಕೇಳಿ ಅಭ್ಯಾಸವಿಲ್ಲದ, ತನ್ನ ಹೊಲದಲ್ಲಿ ತಾನೇ ದೊರೆಯೆಂದು ನಂಬಿದ ರೈತ ಅಲ್ಲಿದ್ದ.

ಈ ರೈತನಿಗೂ ಹೊಸ ಸರ್ಕಾರಕ್ಕೂ ಮೊದಲು ತಿಕ್ಕಾಟವಾದದ್ದು ಕೂಲಿಯಾಳಿನ ವಿಷಯಕ್ಕೆ. 1812ರಲ್ಲಿ ಬ್ರಿಟಿಷರ ಸಂಚಾರಿ ನ್ಯಾಯಾಲಯ ಊರೂರಿಗೆ ಹೋಗಿ, ಯಜಮಾನರ ಮೇಲೆ ಖೊಯ್‌ಖೊಯ್ ಆಳುಗಳು ಕೊಟ್ಟ ದೂರುಗಳನ್ನು ವಿಚಾರಿಸಿತು. ಆಳು ಕೊಟ್ಟ ದೂರಿಗೆ ಯಜಮಾನ ಕಟಕಟೆಯಲ್ಲಿ ನಿಂತು ಉತ್ತರಿಸಬೇಕೆಂಬುದೇ ಬೋಯರರಿಗೆ ಸಹಿಸಲಾಗದ ಅವಮಾನವಾಯಿತು. ಮೂರು ವರ್ಷದ ನಂತರ ಫ್ರೆಡರಿಕ್ ಬೆಜೌಡೆನ್‌ಹೌಟ್ ಎಂಬ ಗಡಿನಾಡಿನ ರೈತ ಇಂಥದೇ ಒಂದು ದೂರಿನ ಮೇಲೆ ಬಂದ ಸಮನ್ಸನ್ನು ಲೆಕ್ಕಿಸಲಿಲ್ಲ. ಹಿಡಿಯಲು ಬಂದ ಪಡೆಯಲ್ಲಿ ಖೊಯ್‌ಖೊಯ್ ಸಿಪಾಯಿಗಳೇ ಇದ್ದರು. ಆತ ಗುಂಡು ಹಾರಿಸಿದ, ಗುಂಡೇಟಿಗೆ ಸತ್ತ. ಸೇಡು ತೀರಿಸಲು ಅವನ ಸಹೋದರನೂ ನೆರೆಹೊರೆಯವರೂ ದಂಗೆಯೆದ್ದರು. 1816ರ ಮಾರ್ಚ್‌ನಲ್ಲಿ ಐವರಿಗೆ ಒಟ್ಟಿಗೆ ಗಲ್ಲಾಯಿತು. ನಾಲ್ವರ ಹಗ್ಗ ಹರಿದುಹೋಯಿತು. ದೇವರೇ ಬಿಡಿಸಿದನೆಂದು ನೆರೆದ ಜನ ಕೈಮುಗಿದು ಬೇಡಿಕೊಂಡರೂ ಬಿಡದೆ ಮತ್ತೆ ಹಗ್ಗ ತರಿಸಿ ಗಲ್ಲಿಗೇರಿಸಿದರು. ಸ್ಲಾಖ್ಟರ್ಸ್ ನೆಕ್ ಎಂಬ ಈ ಪ್ರಕರಣವನ್ನು ಬೋಯರ್ ಮನೆಗಳಲ್ಲಿ ಮುಂದೆ ತಲೆಮಾರುಗಟ್ಟಲೆ ಹೇಳಿಕೊಂಡು ಬಂದರು. ಹೇಳುವಾಗ ಹರಿದ ಹಗ್ಗ ನೆನಪಿನಲ್ಲಿ ಉಳಿಯಿತು. ದೂರು ಕೊಟ್ಟ ಆಳು ಮರೆತುಹೋದ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ದೂರುಗಳ ಪಟ್ಟಿ ಬೆಳೆಯಿತು. 1820ರಲ್ಲಿ ಸಾವಿರಾರು ಇಂಗ್ಲಿಷ್ ವಲಸಿಗರನ್ನು ಕರೆತಂದರು. ಕಚೇರಿ, ಕೋರ್ಟುಗಳಲ್ಲಿ ಡಚ್ ಭಾಷೆಯ ಜಾಗಕ್ಕೆ ಇಂಗ್ಲಿಷ್ ಬಂತು. 1828ರ ಐವತ್ತನೇ ಆಜ್ಞೆ ಖೊಯ್‌ಖೊಯ್ ಜನರಿಗೆ ಪರವಾನಗಿ ಚೀಟಿಯ ಕಾಟ ತಪ್ಪಿಸಿ, ಇಷ್ಟಬಂದಲ್ಲಿ ದುಡಿಯುವ ಹಕ್ಕು ಕೊಟ್ಟಿತು. 1834ರ ಡಿಸೆಂಬರ್ 1ರಂದು ಕೇಪ್‌ನಲ್ಲಿ ಗುಲಾಮಗಿರಿ ಕಾಯಿದೆಯಂತೆ ರದ್ದಾಯಿತು. ಬಿಡುಗಡೆ ಹೊಂದಿದವರು ಇನ್ನೂ ನಾಲ್ಕು ವರ್ಷ ಹಳೆಯ ಒಡೆಯನಲ್ಲೇ ದುಡಿಯಬೇಕೆಂಬ ಷರತ್ತು ಬೇರೆ. ಒಡೆಯರಿಗೆ ಪರಿಹಾರವೇನೋ ಗೊತ್ತಾಯಿತು, ಆದರೆ ಹಣ ಸಿಗುತ್ತಿದ್ದುದು ಲಂಡನ್ನಿನಲ್ಲಿ. ಕೇಪ್‌ನ ಹಳ್ಳಿಯ ರೈತ ಲಂಡನ್ನಿಗೆ ಹೋಗುವುದುಂಟೇ? ದಲ್ಲಾಳಿಗಳು ಬಂದು ಅರ್ಧಂಬರ್ಧ ಬೆಲೆಗೆ ಹಕ್ಕುಪತ್ರ ಕೊಂಡು ಲಾಭ ಮಾಡಿಕೊಂಡರು. ಅದೇ ಹೊತ್ತಿಗೆ ಪೂರ್ವದ ಗಡಿಯಲ್ಲಿ ಖೋಸಾ ಜನರೊಡನೆ ಯುದ್ಧವಾಗಿ, ಗವರ್ನರು ಗೆದ್ದ ನೆಲವನ್ನು ಲಂಡನ್ ಸರ್ಕಾರ ಖೋಸಾ ಜನರಿಗೇ ಹಿಂದಿರುಗಿಸಿತು. ಆ ನೆಲದ ಮೇಲೆ ಕಣ್ಣಿಟ್ಟಿದ್ದ ಬೋಯರರಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು.

ಹೀಗೆ 1835ರಿಂದ ಮಹಾವಲಸೆ ಆರಂಭವಾಯಿತು. ಮುಂದಿನ ಏಳೆಂಟು ವರ್ಷಗಳಲ್ಲಿ ಹನ್ನೆರಡು ಸಾವಿರಕ್ಕೂ ಮಿಕ್ಕಿ ಜನ, ಹೆಂಡತಿ ಮಕ್ಕಳು, ಆಳುಕಾಳು, ದನಕರು ಸಮೇತ ಎತ್ತಿನ ಗಾಡಿಗಳಲ್ಲಿ ಆರೆಂಜ್ ನದಿ ದಾಟಿ ಉತ್ತರಕ್ಕೆ ಹೋದರು. ಅವರ ನಾಯಕರಲ್ಲೊಬ್ಬನಾದ ಪೀಟ್ ರೆಟೀಫ್ 1837ರಲ್ಲಿ ಪತ್ರಿಕೆಯೊಂದರಲ್ಲಿ ತಮ್ಮ ಕಾರಣಗಳನ್ನು ಪ್ರಕಟಿಸಿದ. ಅದರಲ್ಲಿ ಎರಡು ಮಾತು ಅಕ್ಕಪಕ್ಕದಲ್ಲೇ ಇವೆ. ನಾವು ಯಾರನ್ನೂ ಗುಲಾಮರನ್ನಾಗಿ ಇಟ್ಟುಕೊಳ್ಳುವುದಿಲ್ಲ ಎಂಬುದು ಒಂದು. ಯಜಮಾನನಿಗೂ ಆಳಿಗೂ ಇರಬೇಕಾದ ತಕ್ಕ ಸಂಬಂಧವನ್ನು ಕಾಪಾಡುತ್ತೇವೆ ಎಂಬುದು ಇನ್ನೊಂದು. ಬೋಯರರು ಬಯಸಿದ ಸ್ವಾತಂತ್ರ್ಯ ಎಂಥದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಲಂಡನ್ನಿನ ದೊರೆತನ ಬೇಡ, ತಮ್ಮ ಹೊಲದಲ್ಲಿ ತಮ್ಮ ದೊರೆತನ ಬೇಕು.

ಆದರೆ ಬ್ರಿಟಿಷರಿಂದ ದೂರ ಹೋಗುವುದು ಸುಲಭವಾಗಲಿಲ್ಲ. ಬೋಯರರು ಜುಲು ಜನರೊಡನೆ ಹೋರಾಡಿ ಸಮುದ್ರತೀರದ ನಟಾಲಿನಲ್ಲಿ ಗಣರಾಜ್ಯ ಕಟ್ಟಿದರು. 1843ರಲ್ಲಿ ಬ್ರಿಟನ್ ಅದನ್ನು ನುಂಗಿತು. ಭಾರತದ ದಾರಿಯಲ್ಲಿ ಇನ್ನೊಬ್ಬರ ಕೈಯಲ್ಲಿ ಬಂದರು ಇರಕೂಡದೆಂಬ ನೀತಿ ಅದು. ಒಳನಾಡಿನ ಒಣಭೂಮಿಯ ಆಡಳಿತ ದುಬಾರಿ ಎನಿಸಿದಾಗ ಅದೇ ಬ್ರಿಟನ್ ಉದಾರಿಯಾಯಿತು. 1852ರ ಸ್ಯಾಂಡ್ ರಿವರ್ ಒಪ್ಪಂದದಲ್ಲಿ ಟ್ರಾನ್ಸ್‌ವಾಲ್, 1854ರ ಬ್ಲೂಮ್‌ಫಾಂಟೇನ್ ಒಪ್ಪಂದದಲ್ಲಿ ಆರೆಂಜ್ ಫ್ರೀ ಸ್ಟೇಟ್ ಸ್ವತಂತ್ರವಾದವು. ಸ್ಯಾಂಡ್ ರಿವರ್ ಒಪ್ಪಂದದ ಒಂದು ಕರಾರನ್ನು ಗಮನಿಸಬೇಕು: ಬೋಯರರು ಬ್ರಿಟಿಷರಿಂದ ಮದ್ದುಗುಂಡು ಕೊಳ್ಳಬಹುದು, ಆಫ್ರಿಕದ ಕರಿಯ ಜನರಿಗೆ ಮಾತ್ರ ಮಾರಕೂಡದು. ಜಗಳವಾಡುವ ಇಬ್ಬರೂ ಈ ವಿಷಯದಲ್ಲಿ ಒಂದೇ ಮಾತಿನವರು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ನಡೆದುಕೊಂಡು ಹೋಗುತ್ತಿತ್ತೇನೋ. 1867ರಲ್ಲಿ ಆರೆಂಜ್ ನದಿಯ ಹತ್ತಿರ ವಜ್ರ ಸಿಕ್ಕಿತು. ನಾಲ್ಕು ವರ್ಷದಲ್ಲಿ ಮುಂದೆ ಕಿಂಬರ್ಲಿ ಎನಿಸಿದ ಜಾಗದಲ್ಲಿ ಸಾವಿರಾರು ಜನ ಗುಳಿ ತೋಡುತ್ತಿದ್ದರು. ಆ ನೆಲ ತಮ್ಮದೆಂದು ಫ್ರೀ ಸ್ಟೇಟ್ ಹೇಳಿತು, ಟ್ರಾನ್ಸ್‌ವಾಲ್ ಹೇಳಿತು, ಗ್ರೀಕ್ವಾ ಜನರ ಮುಖಂಡ ನಿಕೊಲಾಸ್ ವಾಟರ್‌ಬೋರ್ ಹೇಳಿದ. ಪಂಚಾಯಿತಿಗೆ ಕೂತವನು ನಟಾಲಿನ ಬ್ರಿಟಿಷ್ ಲೆಫ್ಟಿನೆಂಟ್ ಗವರ್ನರ್ ಕೀಟ್. ತೀರ್ಪು ವಾಟರ್‌ಬೋರನ ಕಡೆಗಾಯಿತು. ಆತ ಮೊದಲೇ ಬ್ರಿಟಿಷರ ರಕ್ಷಣೆ ಕೋರಿದ್ದರಿಂದ 1871ರಲ್ಲಿ ವಜ್ರದ ನೆಲವೆಲ್ಲ ಬ್ರಿಟನ್ನಿನ ಪಾಲಾಯಿತು. ಐದು ವರ್ಷದ ನಂತರ ಫ್ರೀ ಸ್ಟೇಟಿಗೆ 90 ಸಾವಿರ ಪೌಂಡು ಕೊಟ್ಟು ಬಾಯಿ ಮುಚ್ಚಿಸಿದರು. ಬ್ರಿಟಿಷರ ಸಹಿಗೆ ನೆಲದಡಿ ಏನೂ ಇಲ್ಲದಿರುವ ತನಕವಷ್ಟೇ ಬೆಲೆ ಎಂದು ಬೋಯರರು ತೀರ್ಮಾನಿಸಿದರೆ ಅದರಲ್ಲಿ ಆಶ್ಚರ್ಯವೇನು?

ಮುಂದಿನ ಹೊಡೆತ 1877ರಲ್ಲಿ. ದಕ್ಷಿಣ ಆಫ್ರಿಕವನ್ನೆಲ್ಲ ಒಂದೇ ಬ್ರಿಟಿಷ್ ಒಕ್ಕೂಟ ಮಾಡಬೇಕೆಂಬುದು ವಸಾಹತು ಮಂತ್ರಿ ಲಾರ್ಡ್ ಕಾರ್ನಾರ್ವನ್ನನ ಯೋಜನೆ. ಆಗ ಟ್ರಾನ್ಸ್‌ವಾಲಿನ ಬೊಕ್ಕಸ ಬರಿದಾಗಿತ್ತು. ಪೆಡಿ ಜನರ ಅರಸ ಸೆಖುಖುನೆಯ ಮೇಲೆ ಮಾಡಿದ ದಂಡಯಾತ್ರೆ ಮಣ್ಣುಮುಕ್ಕಿತ್ತು. ಪಕ್ಕದಲ್ಲಿ ಜುಲು ರಾಜ್ಯದ ಭಯ. ಥಿಯೊಫಿಲಸ್ ಶೆಪ್‌ಸ್ಟನ್ ಎಂಬ ಅಧಿಕಾರಿ ಕೇವಲ 25 ಮಂದಿ ಕುದುರೆ ಪೊಲೀಸರೊಡನೆ ಪ್ರಿಟೋರಿಯಾಕ್ಕೆ ಬಂದು, ಏಪ್ರಿಲ್ 12ರಂದು ಬಾವುಟ ಬದಲಿಸಿದ. ಗುಂಡು ಹಾರಲಿಲ್ಲ. ಆದರೆ 1879ರಲ್ಲಿ ಬ್ರಿಟಿಷರೇ ಜುಲು ರಾಜ್ಯವನ್ನೂ ಸೆಖುಖುನೆಯನ್ನೂ ಸೋಲಿಸಿಬಿಟ್ಟರು. ಬೋಯರರು ಬ್ರಿಟಿಷರ ನೆರಳನ್ನು ಸಹಿಸಿಕೊಂಡದ್ದೇ ಆ ಭಯಕ್ಕೆ. ಭಯ ಹೋಯಿತು, ನೆರಳಿನ ಕಂದಾಯ ಮಾತ್ರ ಉಳಿಯಿತು.

ಆ ಕಂದಾಯವೇ ಮದ್ದಿನ ಮನೆಗೆ ಕಿಡಿಯಾಯಿತು. 1880ರಲ್ಲಿ ಪಾಚೆಫ್‌ಸ್ಟ್ರೂಮ್ ಊರಿನ ಪೀಟ್ ಬೆಜೌಡೆನ್‌ಹೌಟ್ ಎಂಬ ರೈತನ ಮೇಲೆ 27 ಪೌಂಡು 5 ಷಿಲಿಂಗು ತೆರಿಗೆ ಬಾಕಿ ತೋರಿಸಿದರು. ಸ್ಲಾಖ್ಟರ್ಸ್ ನೆಕ್‌ನಲ್ಲಿ ಕೇಳಿದ ಅದೇ ಮನೆತನದ ಹೆಸರು. ಆತ ರಸೀದಿ ತೋರಿಸಿ, ಬಾಕಿ ಇರುವುದು 14 ಪೌಂಡು ಮಾತ್ರ ಎಂದು ಸಾಬೀತು ಮಾಡಿದ. ನ್ಯಾಯಾಲಯ ಒಪ್ಪಿತು, ಒಪ್ಪಿ, ಕೋರ್ಟು ಖರ್ಚು ಎಂದು 13 ಪೌಂಡು 5 ಷಿಲಿಂಗು ಸೇರಿಸಿತು. ಕೂಡಿದರೆ ಮತ್ತೆ ಅದೇ 27 ಪೌಂಡು 5 ಷಿಲಿಂಗು! ಆತ ಕಟ್ಟಲಿಲ್ಲ. ಅವನ ಗಾಡಿಯನ್ನು ಜಫ್ತಿ ಮಾಡಿ ನವೆಂಬರ್ 11ರಂದು ಹರಾಜಿಗಿಟ್ಟರು. ಪೀಟ್ ಕ್ರೋನ್ಯೆ ಎಂಬಾತ ಬಂದೂಕುಧಾರಿ ರೈತರ ಗುಂಪಿನೊಡನೆ ಬಂದು ಹರಾಜು ನಿಲ್ಲಿಸಿ, ಗಾಡಿಯನ್ನು ಒಡೆಯನ ಮನೆಗೆ ಹೊಡೆಸಿಕೊಂಡು ಹೋದ. ಒಂದು ತಿಂಗಳಲ್ಲಿ ಸಾವಿರಾರು ಬೋಯರರು ಪಾರ್ಡೆಕ್ರಾಲ್ ಎಂಬಲ್ಲಿ ಸೇರಿ ಪಾಲ್ ಕ್ರೂಗರ್ ಮೊದಲಾದ ಮೂವರ ಕೈಗೆ ನಾಯಕತ್ವ ಕೊಟ್ಟರು. 1881ರ ಫೆಬ್ರವರಿ 27ರಂದು ಮಜೂಬಾ ಗುಡ್ಡದಲ್ಲಿ ಜನರಲ್ ಕಾಲೀ ಹತನಾದ. ಬ್ರಿಟಿಷ್ ಸೈನ್ಯ ರೈತರ ಗುಂಡಿಗೆ ಬೆನ್ನು ತೋರಿಸಿ ಓಡಿತು. ಪ್ರಧಾನಿ ಗ್ಲ್ಯಾಡ್‌ಸ್ಟನ್ ರಾಜಿ ಮಾಡಿಕೊಂಡ. ಬೋಯರರಿಗೆ ಸ್ವರಾಜ್ಯ ಮರಳಿತು, ಆದರೆ ಬ್ರಿಟನ್ನಿನ ಮೇಲೊಡೆತನ ಉಳಿಯಿತು. 1884ರ ಲಂಡನ್ ಒಪ್ಪಂದದಲ್ಲಿ ಆ ಮೇಲೊಡೆತನದ ಪದವನ್ನು ಬಿಟ್ಟರು. ಹೊರರಾಜ್ಯಗಳೊಡನೆ ಮಾಡಿಕೊಳ್ಳುವ ಒಪ್ಪಂದಕ್ಕೆ ಬ್ರಿಟನ್ನಿನ ಒಪ್ಪಿಗೆ ಬೇಕೆಂಬ ಕರಾರನ್ನು ಇಟ್ಟುಕೊಂಡರು. ಪದ ಹೋದ ಮೇಲೆ ಅಧಿಕಾರವೂ ಹೋಯಿತೆಂದು ಟ್ರಾನ್ಸ್‌ವಾಲಿನ ಅಧ್ಯಕ್ಷನಾಗಿದ್ದ ಕ್ರೂಗರ್, ಹೋಗಿಲ್ಲವೆಂದು ಲಂಡನ್. ಹದಿನೈದು ವರ್ಷ ಇದೇ ವಾದ.

ಇನ್ನು ಚಿನ್ನಕ್ಕೆ ಬರೋಣ. 1886ರಲ್ಲಿ ವಿಟ್‌ವಾಟರ್ಸ್‌ರ್ಯಾಂಡ್ ದಿಣ್ಣೆಯಲ್ಲಿ ಚಿನ್ನದ ಗಣಿ ತೆರೆಯಿತು. ಹತ್ತೇ ವರ್ಷದಲ್ಲಿ ಜೋಹಾನ್ಸ್‌ಬರ್ಗ್ ಲಕ್ಷ ಜನರ ನಗರವಾಯಿತು. ಜಗತ್ತಿನ ಚಿನ್ನದಲ್ಲಿ ಸುಮಾರು ಕಾಲು ಭಾಗ ಅಲ್ಲಿಂದ ಬರತೊಡಗಿತು. ಅಲ್ಲಿನ ಅದಿರು ಅಪಾರ, ಆದರೆ ಬಡಕಲು. ಟನ್ನುಗಟ್ಟಲೆ ಬಂಡೆ ಒಡೆದು, ಪುಡಿ ಮಾಡಿ, ಸಯನೈಡ್ ದ್ರಾವಣದಲ್ಲಿ ತೊಳೆದರೆ ಚೂರು ಚಿನ್ನ. ಬಂಡೆ ಆಳಕ್ಕಿಳಿದಂತೆ ಖರ್ಚೂ ಇಳಿಯದೆ ಏರುತ್ತಿತ್ತು. ಚಿನ್ನದ ಬೆಲೆ ಜಗತ್ತಿನಾದ್ಯಂತ ಒಂದೇ ಆಗಿ ನಿಗದಿಯಾಗಿದ್ದರಿಂದ ಅದನ್ನು ಏರಿಸುವಂತಿಲ್ಲ. ಲಾಭ ಬೇಕಾದರೆ ಖರ್ಚು ಇಳಿಸಬೇಕು. ಬಂಡೆ ಸಿಡಿಸುವ ಡೈನಮೈಟಿನ ಮಾರಾಟವನ್ನು ಕ್ರೂಗರ್ ಸರ್ಕಾರ ಏಕಸ್ವಾಮ್ಯ ಮಾಡಿ ಬೆಲೆ ಏರಿಸಿತ್ತು. ರೈಲು ಕಂಪನಿಗೂ ಹಾಗೆಯೇ ಏಕಸ್ವಾಮ್ಯ. ಗಣಿ ಮಾಲೀಕರ ಹೊಟ್ಟೆಯುರಿ ಶುರುವಾದದ್ದು ಇಲ್ಲಿ.

ರೈಲಿನ ಜಗಳವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬ್ರಿಟಿಷರ ಬಂದರುಗಳ ಹಂಗು ಬೇಡವೆಂದು ಕ್ರೂಗರ್ ಪೋರ್ಚುಗೀಸರ ಡೆಲಗೋವಾ ಕೊಲ್ಲಿಗೆ ರೈಲು ಹಾಕಿಸಿದ. ಕೇಪ್‌ನಿಂದ ಬರುವ ಸರಕಿಗೆ, ವಾಲ್ ನದಿಯಿಂದ ಜೋಹಾನ್ಸ್‌ಬರ್ಗಿನವರೆಗಿನ ಕೊನೆಯ ಹಾದಿಯಲ್ಲಿ ರೈಲು ದರ ಏರಿಸಿದ. ಕೇಪ್ ವ್ಯಾಪಾರಿಗಳು ನದಿಯ ಬಳಿ ಸರಕಿಳಿಸಿ, ಎತ್ತಿನ ಗಾಡಿಗೆ ತುಂಬಿ, ನದಿ ದಾಟಿಸಿ ಸಾಗಿಸತೊಡಗಿದರು. ಕ್ರೂಗರ್ ನದಿ ದಾಟುವ ಕಡವುಗಳನ್ನೇ ಮುಚ್ಚಿಸಿದ. ಬ್ರಿಟನ್ ಯುದ್ಧದ ಬೆದರಿಕೆ ಹಾಕಿದಾಗ ತೆರೆದ. ಇದು 1895ರ ಮಾತು. ಅದೇ ವರ್ಷದ ಕೊನೆಗೆ, ಕೇಪ್‌ನ ಪ್ರಧಾನಿ ಸೆಸಿಲ್ ರೋಡ್ಸ್‌ನ ಸಂಚಿನಂತೆ ಡಾಕ್ಟರ್ ಜೇಮ್‌ಸನ್ ಸುಮಾರು ಐನೂರು ಸವಾರರೊಡನೆ ಟ್ರಾನ್ಸ್‌ವಾಲಿಗೆ ನುಗ್ಗಿದ. ಜೋಹಾನ್ಸ್‌ಬರ್ಗಿನ ಪರದೇಶಿ ನಿವಾಸಿಗಳು ದಂಗೆ ಏಳುತ್ತಾರೆ, ಸರ್ಕಾರ ಬೀಳುತ್ತದೆ ಎಂಬ ಎಣಿಕೆ. ದಂಗೆ ಏಳಲಿಲ್ಲ, ಜೇಮ್‌ಸನ್ 1896ರ ಜನವರಿ 2ರಂದು ಶರಣಾದ. ರೋಡ್ಸ್ ಪದವಿ ಕಳೆದುಕೊಂಡ. ಆದರೆ ಬ್ರಿಟಿಷರ ಮಾತು ಇನ್ನು ನಂಬುವಂತಿಲ್ಲ ಎಂಬುದು ಬೋಯರರಿಗೆ ಖಚಿತವಾಯಿತು. ಟ್ರಾನ್ಸ್‌ವಾಲ್ ಜರ್ಮನಿ, ಫ್ರಾನ್ಸುಗಳಿಂದ ಬಂದೂಕು ಫಿರಂಗಿ ತರಿಸಿತು. ಮರುವರ್ಷ ಫ್ರೀ ಸ್ಟೇಟ್ ಅದರೊಡನೆ ಸೈನಿಕ ಮೈತ್ರಿ ಮಾಡಿಕೊಂಡಿತು.

ಬಹಿರಂಗದ ಜಗಳ ನಡೆದದ್ದು ಮತದಾನದ ಹಕ್ಕಿನ ಮೇಲೆ. ಚಿನ್ನಕ್ಕೆಂದು ಬಂದು ನೆಲೆಸಿದವರಿಗೆ ಪೂರ್ಣ ಮತ ಬೇಕಾದರೆ 14 ವರ್ಷ ಕಾಯಬೇಕೆಂದು 1890ರಲ್ಲಿ ಕಾನೂನಾಗಿತ್ತು. ತೆರಿಗೆ ನಮ್ಮದು, ಮತ ನಮಗಿಲ್ಲ ಎಂಬ ಅವರ ದೂರಿನಲ್ಲಿ ನ್ಯಾಯವಿತ್ತು. ಮತ ಕೊಟ್ಟರೆ ಹೊರಗಿನಿಂದ ಬಂದವರೇ ಚುನಾವಣೆಯಲ್ಲಿ ನಮ್ಮ ರಾಜ್ಯವನ್ನು ಬ್ರಿಟನ್ನಿಗೆ ಒಪ್ಪಿಸಿಯಾರು ಎಂಬ ಕ್ರೂಗರನ ಭಯದಲ್ಲೂ ಹುರುಳಿತ್ತು. 1897ರಲ್ಲಿ ಹೈಕಮಿಷನರ್ ಆಗಿ ಬಂದ ಆಲ್ಫ್ರೆಡ್ ಮಿಲ್ನರ್ ಈ ದೂರನ್ನೇ ಸನ್ನೆಗೋಲು ಮಾಡಿಕೊಂಡ. 1899ರ ಮೇ ಕೊನೆಗೆ ಬ್ಲೂಮ್‌ಫಾಂಟೇನಿನಲ್ಲಿ ಇಬ್ಬರೂ ಎದುರುಬದುರಾಗಿ ಕುಳಿತರು. ಮಿಲ್ನರ್ ಐದು ವರ್ಷ ಎಂದ, ಕ್ರೂಗರ್ ಏಳು ಎಂದ. ಮಾತು ಮುರಿಯಿತು. ಆಗಸ್ಟ್‌ನಲ್ಲಿ ಟ್ರಾನ್ಸ್‌ವಾಲಿನ ತರುಣ ವಕೀಲ ಯಾನ್ ಸ್ಮಟ್ಸ್ ಮೂಲಕ ಆ ಐದು ವರ್ಷಕ್ಕೂ ಒಪ್ಪಿಗೆ ಬಂತು. ಷರತ್ತುಗಳಲ್ಲಿ ಮುಖ್ಯವಾದವು ಎರಡು: ಮೇಲೊಡೆತನದ ಮಾತು ಬಿಡಬೇಕು, ಇನ್ನು ಮುಂದೆ ಒಳಾಡಳಿತದಲ್ಲಿ ಕೈಹಾಕಬಾರದು. ವಸಾಹತು ಮಂತ್ರಿ ಚೇಂಬರ್‌ಲಿನ್ ಮತದಾನದ ಕೊಡುಗೆಯನ್ನು ಸ್ವೀಕರಿಸಿ ಷರತ್ತನ್ನು ತಳ್ಳಿಹಾಕಿದ. ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿ ಇರುವುದು ಈ ಪತ್ರವ್ಯವಹಾರದಲ್ಲಿ. ಬೇಡಿದ ಐದು ವರ್ಷ ಸಿಕ್ಕ ಮೇಲೂ ಜಗಳ ಮುಗಿಯಲಿಲ್ಲವೆಂದರೆ ಬೇಕಾಗಿದ್ದುದು ಮತವಲ್ಲ. ದಕ್ಷಿಣ ಆಫ್ರಿಕಕ್ಕೆ ದೊಡ್ಡಣ್ಣ ಯಾರು ಎಂಬುದು ಇತ್ಯರ್ಥವಾಗಬೇಕಿತ್ತು.

ಸೆಪ್ಟೆಂಬರ್ 8ರಂದು ಲಂಡನ್ ಮಂತ್ರಿಮಂಡಲ ಇನ್ನೂ ಹತ್ತು ಸಾವಿರ ಸೈನಿಕರನ್ನು ಕಳಿಸಲು ತೀರ್ಮಾನಿಸಿತು. ಅದರಲ್ಲಿ ದೊಡ್ಡ ಪಾಲು ಭಾರತದಲ್ಲಿದ್ದ ಬ್ರಿಟಿಷ್ ಪಡೆಗಳದು. ಹಡಗುಗಳು ಬಂದು ಮುಟ್ಟುವ ಮೊದಲೇ ಕೈಮಾಡಬೇಕೆಂದು ಬೋಯರರಿಗೆ ಅನಿಸಿತು. ಆದರೂ ಅಕ್ಟೋಬರ್‌ವರೆಗೆ ಕಾದರು. ಮಳೆ ಬಿದ್ದು ಬಯಲಿನಲ್ಲಿ ಹುಲ್ಲು ಚಿಗುರದೆ ಅವರ ಕುದುರೆಗಳಿಗೆ ಮೇವಿರಲಿಲ್ಲ.

ಈ ಯುದ್ಧಕ್ಕೂ ನಮಗೂ ಇರುವ ನಂಟು ಸಣ್ಣದಲ್ಲ. ಟ್ರಾನ್ಸ್‌ವಾಲಿನ 1885ರ ಮೂರನೇ ಕಾನೂನು ಭಾರತೀಯರಿಗೆ ಪೌರತ್ವ, ಸ್ಥಿರಾಸ್ತಿ ಎರಡನ್ನೂ ನಿರಾಕರಿಸಿತ್ತು. ಯುದ್ಧ ಶುರುವಾದಾಗ ಬ್ರಿಟಿಷ್ ಯುದ್ಧಮಂತ್ರಿ ಲಾರ್ಡ್ ಲ್ಯಾನ್ಸ್‌ಡೌನ್, ಭಾರತೀಯರ ಮೇಲಿನ ದಬ್ಬಾಳಿಕೆ ತನ್ನನ್ನು ಕೆರಳಿಸಿದೆಯೆಂದು ಸಾರ್ವಜನಿಕವಾಗಿ ಹೇಳಿದ. ಬೋಯರರ ಬಗ್ಗೆ ಅನುಕಂಪವಿದ್ದೂ, ಬ್ರಿಟಿಷ್ ಪ್ರಜೆಯ ಕರ್ತವ್ಯವೆಂದು ಗಾಂಧೀಜಿ ಸುಮಾರು 1,100 ಭಾರತೀಯರ ಗಾಯಾಳು ಸೇವಾದಳ ಕಟ್ಟಿ ರಣರಂಗದಲ್ಲಿ ಡೋಲಿ ಹೊತ್ತರು. ಬೆಂಗಳೂರಿನ ದಂಡುಪ್ರದೇಶದಲ್ಲಿದ್ದ ವಿನ್‌ಸ್ಟನ್ ಚರ್ಚಿಲ್ ವರದಿಗಾರನಾಗಿ ಅಲ್ಲಿಗೆ ಹೋಗಿ ಸೆರೆಸಿಕ್ಕಿ ತಪ್ಪಿಸಿಕೊಂಡ. ಸೆರೆಸಿಕ್ಕ ಬೋಯರರನ್ನು ತಂದಿಟ್ಟ ಭಾರತದ ಶಿಬಿರಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಯುದ್ಧ ಗೆದ್ದ ಮೇಲೆ ಬ್ರಿಟಿಷರು ಆ 1885ರ ಕಾನೂನನ್ನು ತೆಗೆದುಹಾಕಲಿಲ್ಲ, ಇನ್ನಷ್ಟು ಬಿಗಿಯಾಗಿ ಜಾರಿ ಮಾಡಿದರು. 1906ರ ಸತ್ಯಾಗ್ರಹ ಹುಟ್ಟಿದ್ದು ಬ್ರಿಟಿಷ್ ಆಳ್ವಿಕೆಯ ಟ್ರಾನ್ಸ್‌ವಾಲಿನಲ್ಲಿ.

ಯುದ್ಧದಲ್ಲಿ ಬ್ರಿಟಿಷರು ಬೋಯರರ ಹೊಲಮನೆ ಸುಟ್ಟು, ಹೆಂಗಸರು ಮಕ್ಕಳನ್ನು ಶಿಬಿರಗಳಿಗೆ ತುಂಬಿದರು. ಅಲ್ಲಿ ಸುಮಾರು 28 ಸಾವಿರ ಬೋಯರರು ಸತ್ತರು, ಬಹುಪಾಲು ಮಕ್ಕಳು. ಕರಿಯರಿಗೆಂದು ಮಾಡಿದ ಬೇರೆ ಶಿಬಿರಗಳಲ್ಲಿ ಕನಿಷ್ಠ 14 ಸಾವಿರ ಮಂದಿ ಸತ್ತರು. ಜಗಳ ಅವರದಾಗಿರಲಿಲ್ಲ. ಗಣಿಯಲ್ಲಿ ದುಡಿಯುತ್ತಿದ್ದ ಸುಮಾರು ಒಂದು ಲಕ್ಷ ಕರಿಯ ಕೂಲಿಗಳ ಕೂಲಿ ಇಳಿಸುವ, ಅವರನ್ನು ಪರವಾನಗಿ ಚೀಟಿಗೆ ಕಟ್ಟಿಹಾಕುವ ವಿಷಯದಲ್ಲಿ ಗಣಿ ಮಾಲೀಕನಿಗೂ ಕ್ರೂಗರ್ ಸರ್ಕಾರಕ್ಕೂ ತಕರಾರಿರಲಿಲ್ಲ.

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಗಾದೆ ನಮ್ಮಲ್ಲಿದೆ. ದಕ್ಷಿಣ ಆಫ್ರಿಕದಲ್ಲಿ ಅದು ತಿರುವುಮುರುವಾಯಿತು. ಬೋಯರರು ಸ್ವಾತಂತ್ರ್ಯ ಎಂದರು, ಬ್ರಿಟಿಷರು ಸಮಾನ ಹಕ್ಕು ಎಂದರು. ಎರಡೂ ಮಾತು ಬಿಳಿಯರ ಅಂಗಳದಾಚೆ ಹೋಗಲಿಲ್ಲ. 1902ರ ಮೇ 31ರಂದು ಸಹಿಯಾದ ಶಾಂತಿ ಒಪ್ಪಂದದ ಎಂಟನೆಯ ಕಲಮನ್ನು ಓದಿದರೆ ಇದು ಸ್ಪಷ್ಟವಾಗುತ್ತದೆ: ಸೋತ ಗಣರಾಜ್ಯಗಳಲ್ಲಿ ಸ್ಥಳೀಯ ಕರಿಯ ಜನರಿಗೆ ಮತ ಕೊಡುವ ಪ್ರಶ್ನೆಯನ್ನು ಅಲ್ಲಿ ಸ್ವಯಮಾಡಳಿತ ಬಂದ ಮೇಲೆ ನೋಡಿಕೊಳ್ಳತಕ್ಕದ್ದು. ಅಂದರೆ ತೀರ್ಮಾನವನ್ನು ಬೋಯರರಿಗೇ ಬಿಟ್ಟರು. ಎಂಟು ವರ್ಷದ ನಂತರ, ಅದೇ ಮೇ 31ರಂದು, ದಕ್ಷಿಣ ಆಫ್ರಿಕ ಒಕ್ಕೂಟ ಜನಿಸಿತು. ಬ್ರಿಟಿಷರ ವಿರುದ್ಧ ಕಾದಾಡಿದ ಬೋಯರ್ ಸೇನಾನಿ ಲೂಯಿ ಬೋಥಾ ಅದರ ಮೊದಲ ಪ್ರಧಾನಿಯಾದ. ಜಗಳಗಂಟರು ಒಂದಾದರು. ಎಂಟನೆಯ ಕಲಮು ಮುಂದೂಡಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1994ರ ಏಪ್ರಿಲ್ ಚುನಾವಣೆಯಲ್ಲಿ, ತೊಂಬತ್ತೆರಡು ವರ್ಷ ತಡವಾಗಿ.